ಮಂತ್ರಿಗಳ ಕಿವಿ, ರೇಡಿಯೊದ ರಾಗ

ಚಿತ್ರಗೀತೆ ಬರಬೇಕಾದ ಹೊತ್ತಿಗೆ ರೇಡಿಯೊದಲ್ಲಿ ವೀಣೆ ಬಂದರೆ ನಮ್ಮ ಮನೆಯಲ್ಲಿ ದೊಡ್ಡವರು ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದರು. "ಯಾರೋ ದೊಡ್ಡೋರು ಹೋದ್ರು ಅನ್ಸುತ್ತೆ" ಎನ್ನುತ್ತಿದ್ದರು ಅಜ್ಜಿ. ವೀಣೆ ಮುಗಿದರೆ ಸಾರಂಗಿ, ಸಾರಂಗಿ ಮುಗಿದರೆ ಶಹನಾಯಿ. ನಡುವೆ ಜಾಹೀರಾತಿಲ್ಲ, ನಗುಮಾತಿಲ್ಲ. ಯಾರು ಅಂತ ಗೊತ್ತಾಗಬೇಕಾದರೆ ವಾರ್ತೆವರೆಗೆ ಕಾಯಬೇಕು. ಆ ಕಾಲದ ಎಷ್ಟೋ ಮಕ್ಕಳಿಗೆ ವೀಣೆಯ ದನಿ ಕೇಳಿದರೆ ಮೊದಲು ನೆನಪಾಗುತ್ತಿದ್ದದ್ದು ಸಾವು.

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. 1982ರ ನವೆಂಬರ್‌ನಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ತೀರಿಕೊಂಡಾಗ ಅಲ್ಲಿನವರಿಗೂ ಮೊದಲ ಸುಳಿವು ಸಿಕ್ಕಿದ್ದು ಹೀಗೆಯೇ. ಮಾಮೂಲಿ ಕಾರ್ಯಕ್ರಮ ನಿಂತು ಶಾಸ್ತ್ರೀಯ ಸಂಗೀತ ಶುರುವಾಯಿತು, ಸುದ್ದಿ ಹೊರಬಿದ್ದದ್ದು ಮಾರನೇ ದಿನ. 1991ರ ಆಗಸ್ಟ್‌ನಲ್ಲಿ ಗೋರ್ಬಚೆವ್ ಅವರನ್ನು ಕೆಳಗಿಳಿಸುವ ಪ್ರಯತ್ನ ನಡೆದಾಗ ಅಲ್ಲಿನ ಟಿವಿಯಲ್ಲಿ ಚೈಕೋವ್‌ಸ್ಕಿಯ ಬ್ಯಾಲೆ ಮತ್ತೆ ಮತ್ತೆ ಬಂತು. ಏನು ಹೇಳಬೇಕೆಂದು ಸರ್ಕಾರಕ್ಕೆ ಗೊತ್ತಿಲ್ಲದಿದ್ದಾಗ, ಅಥವಾ ಹೇಳಲು ಇಷ್ಟವಿಲ್ಲದಿದ್ದಾಗ, ಅದು ರಾಗದ ಮೊರೆ ಹೋಗುತ್ತದೆ. ರಾಗದಲ್ಲಿ ಮಾತಿಲ್ಲ. ಯಾರ ಪರವೂ ಇಲ್ಲ, ಯಾರ ವಿರುದ್ಧವೂ ಇಲ್ಲ. ಅಧಿಕಾರದಲ್ಲಿರುವವರಿಗೆ ಇದಕ್ಕಿಂತ ನಿರುಪದ್ರವಿ ಕಾರ್ಯಕ್ರಮ ಇನ್ನೊಂದಿಲ್ಲ.

ರೇಡಿಯೊ ಮತ್ತು ಶಾಸ್ತ್ರೀಯ ಸಂಗೀತದ ವಿಷಯದಲ್ಲಿ ನಮ್ಮ ರಾಜಕಾರಣಿಗಳ ಧೋರಣೆ ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡಬೇಕು ಅನಿಸುತ್ತದೆ. ಶಾಸ್ತ್ರೀಯ ಸಂಗೀತವನ್ನು ದ್ವೇಷಿಸಿದ ಮಂತ್ರಿ ನಮ್ಮಲ್ಲಿ ಬಹುಶಃ ಒಬ್ಬರೂ ಇಲ್ಲ. ಎಲ್ಲರೂ ಅದಕ್ಕೆ ಕೈ ಮುಗಿಯುತ್ತಾರೆ. ಕೆಲವರು ಅದನ್ನು ಅತಿಯಾಗಿ ಪ್ರೀತಿಸಿ, ತೊಳೆದು ಶುದ್ಧ ಮಾಡಲು ಹೊರಟರು. ಉಳಿದವರು ನಮಸ್ಕಾರ ಹಾಕಿ ಮುಂದೆ ಹೋದರು. ಈ ಎರಡನೆಯವರಿಂದ ಆದ ನಷ್ಟವೇ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಹೇಳುವ ಮುಂಚೆ ಮೊದಲನೆಯವರ ಕತೆ ಹೇಳಬೇಕು. ಅದು ದೊಡ್ಡ ಕತೆ.

ಕನ್ನಡ ನಾಡಿಗೆ ರೇಡಿಯೊ ತಂದದ್ದು ಸರ್ಕಾರವಲ್ಲ, ಒಬ್ಬ ಮೇಷ್ಟ್ರು. ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಪ್ರಸಾರ ಕೇಂದ್ರ ಶುರು ಮಾಡಿದರು. ಅದನ್ನು 'ಆಕಾಶವಾಣಿ' ಎಂದು ಕರೆದರು. ಆಮೇಲೆ ಅದು ಮೈಸೂರು ಸಂಸ್ಥಾನದ ಕೈಗೆ ಬಂತು, ಸ್ವಾತಂತ್ರ್ಯದ ನಂತರ ದೆಹಲಿಯ ಕೈಗೆ ಹೋಯಿತು. ಕೊನೆಗೆ ಇಡೀ ದೇಶದ ರೇಡಿಯೊಗೆ ಅದೇ ಹೆಸರು ಅಂಟಿತು. ಸಂಗೀತ ಬಲ್ಲ ಊರಿನಲ್ಲಿ, ಸಂಗೀತ ಬಲ್ಲ ಅರಸರ ಆಶ್ರಯದಲ್ಲಿ ಬೆಳೆದ ಕೇಂದ್ರ ಅದು. ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಕೃತಿ ರಚಿಸಿದವರು.

ಬ್ರಿಟಿಷರ ದೆಹಲಿಯಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ಅಲ್ಲಿ ಮೊದಲು ಪೆಟ್ಟು ತಿಂದದ್ದು ಹಾರ್ಮೋನಿಯಂ. ಅದರಲ್ಲಿ ಗಮಕ, ಅಂದರೆ ಸ್ವರದ ತೂಗಾಟ, ಬರುವುದಿಲ್ಲ, ಅದರ ಶ್ರುತಿ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಎಂಬ ವಾದ ಎದ್ದು, 1940ರ ಮಾರ್ಚ್ 1ರಿಂದ ಅದನ್ನು ಆಲ್ ಇಂಡಿಯಾ ರೇಡಿಯೊದಿಂದ ಹೊರಗಿಟ್ಟರು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತೊಂದು ವರ್ಷ! ನಾಟಕದ ಮನೆಯಲ್ಲಿ, ಭಜನೆಯ ಗುಡಿಯಲ್ಲಿ, ಪಾಠದ ಕೋಣೆಯಲ್ಲಿ ಎಲ್ಲೆಲ್ಲೂ ನುಡಿಯುತ್ತಿದ್ದ ಪೆಟ್ಟಿಗೆಗೆ ರೇಡಿಯೊ ಸ್ಟುಡಿಯೊ ಬಾಗಿಲು ಮಾತ್ರ ಮುಚ್ಚಿತ್ತು.

ಹಾರ್ಮೋನಿಯಂ ವಿಷಯದಲ್ಲಿ ಸಂಗೀತದ ಒಂದು ತರ್ಕವಾದರೂ ಇತ್ತು. 1946ರ ಆದೇಶದಲ್ಲಿ ಅದೂ ಇರಲಿಲ್ಲ. ಮಧ್ಯಂತರ ಸರ್ಕಾರದಲ್ಲಿ ಗೃಹ ಖಾತೆಯ ಜತೆ ವಾರ್ತಾ ಮತ್ತು ಪ್ರಸಾರ ಖಾತೆಯೂ ಸರ್ದಾರ್ ಪಟೇಲರ ಬಳಿ ಇತ್ತು. ಖಾಸಗಿ ಬದುಕಿನ ಬಗ್ಗೆ ಊರೆಲ್ಲ ಆಡಿಕೊಳ್ಳುವಂಥ ಗಾಯಕಿಯರು, ಕಲಾವಿದರು ರೇಡಿಯೊದಲ್ಲಿ ಬೇಡ ಎಂದು ಅವರ ಕಾಲದಲ್ಲಿ ತೀರ್ಮಾನವಾಯಿತು. ಏಟು ಬಿದ್ದದ್ದು ಹಾಡು, ನೃತ್ಯವನ್ನೇ ವೃತ್ತಿ ಮಾಡಿಕೊಂಡಿದ್ದ ತವಾಯಫ್ ಮನೆತನಗಳ ಹೆಂಗಸರಿಗೆ. ಠುಮ್ರಿ, ದಾದ್ರಾ, ಗಜಲ್ ಕಾಪಾಡಿಕೊಂಡು ಬಂದವರು, ಗ್ರಾಮಾಫೋನಿನ ಮುಂದೆ ಮೊದಲು ಧೈರ್ಯವಾಗಿ ಕೂತವರು, ರೇಡಿಯೊದ ಆರಂಭದ ದಿನಗಳನ್ನು ತುಂಬಿಕೊಟ್ಟವರು ಅವರೇ. ಹೆಸರಿನ ಕೊನೆಯ 'ಬಾಯಿ' ಕಳಚಿ 'ದೇವಿ' ಅಥವಾ 'ಬೇಗಂ' ಎಂದು ಬದಲಾದ ಗಾಯಕಿಯರ ಪಟ್ಟಿ ಸಣ್ಣದಲ್ಲ. ಸಂಗೀತಕ್ಕೆ ಗೌರವ ತರುತ್ತೇವೆಂದು ಹೊರಟವರು ಆ ಸಂಗೀತವನ್ನು ಹೊತ್ತು ತಂದವರ ಗೌರವವನ್ನೇ ಪಕ್ಕಕ್ಕಿಟ್ಟರು. ಪಟೇಲರು ಕಟ್ಟಿದ ದೇಶ ದೊಡ್ಡದು. ಆದರೆ ಈ ಆದೇಶ ತಪ್ಪು ಅಂತ ಹೇಳಲೇಬೇಕು.

ಅವರ ನಂತರ ಆ ಖಾತೆ ಕನ್ನಡಿಗರ ಕೈಗೆ ಬಂತು. ರಂ.ರಾ. ದಿವಾಕರರು 1952ರವರೆಗೆ ಅದನ್ನು ನೋಡಿಕೊಂಡರು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು, ಅವರ ಕಾಲದಲ್ಲೇ. ಆ ಒಂದು ನಿಲಯ ಹಿಂದುಸ್ತಾನಿ ಸಂಗೀತಕ್ಕೆ ಮಾಡಿದ ಉಪಕಾರ ಲೆಕ್ಕಕ್ಕೆ ಸಿಗುವುದಿಲ್ಲ. ಮಲ್ಲಿಕಾರ್ಜುನ ಮನಸೂರ್ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅಲ್ಲಿನ ಮೈಕಿನ ಮುಂದೆ ಹಾಡಿದರು. ಕಚೇರಿ ಇಲ್ಲದ ತಿಂಗಳಲ್ಲೂ ಒಂದು ಬುಕಿಂಗ್, ಒಂದು ಚೆಕ್ಕು ಬರುತ್ತದೆ ಎಂಬ ಭರವಸೆ ಕಲಾವಿದರಿಗೆ ಎಷ್ಟು ದೊಡ್ಡದು ಎಂದು ಆ ಬದುಕನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು.

ಇನ್ನು ಬಿ.ವಿ. ಕೇಸ್ಕರ್. ರೇಡಿಯೊ ಸಂಗೀತದ ಮಾತು ಬಂದಾಗಲೆಲ್ಲ ಬರುವ ಹೆಸರು ಇದು. ಬರಲೇಬೇಕಾದ ಹೆಸರೂ ಹೌದು. 1952ರಿಂದ 1962ರವರೆಗೆ ಹತ್ತು ವರ್ಷ ವಾರ್ತಾ ಮತ್ತು ಪ್ರಸಾರ ಮಂತ್ರಿ. ಪ್ಯಾರಿಸ್‌ನ ಸಾರ್ಬಾನ್‌ನಲ್ಲಿ ಓದಿದವರು, ಹಿಂದುಸ್ತಾನಿಯ ಹಳೆಯ ಗಾಯನಶೈಲಿಯಾದ ಧ್ರುಪದ್ ಕಲಿತವರು. ನಮ್ಮ ಇತಿಹಾಸದಲ್ಲಿ ಶಾಸ್ತ್ರೀಯ ಸಂಗೀತಕ್ಕಾಗಿ ಇಷ್ಟು ಹಟ ಹಿಡಿದ ಮಂತ್ರಿ ಇನ್ನೊಬ್ಬರಿಲ್ಲ.

ಅವರ ಮೊದಲ ಕೋಪ ಚಿತ್ರಗೀತೆಯ ಮೇಲೆ. ಅದು ಕೀಳು ಅಭಿರುಚಿಯದು, ಪಶ್ಚಿಮದ ತಾಳಕ್ಕೆ ಕುಣಿಯುವಂಥದ್ದು, ಸ್ವತಂತ್ರ ದೇಶದ ರೇಡಿಯೊ ಅದನ್ನು ಹಂಚಬಾರದು ಎಂಬುದು ಅವರ ನಿಲುವು. ಚಿತ್ರಗೀತೆಯ ಪಾಲನ್ನು ಶೇ. 10ಕ್ಕೆ ಇಳಿಸಿದರು. ಹಾಡು ಯಾವ ಚಿತ್ರದ್ದು ಎಂದು ಹೇಳಿದರೆ ಜಾಹೀರಾತು ಆಗುತ್ತದೆಂದು ಚಿತ್ರದ ಹೆಸರು ಹೇಳುವುದನ್ನೂ ನಿಲ್ಲಿಸಿದರು. ಸಿಟ್ಟಾದ ನಿರ್ಮಾಪಕರು ಹಾಡಿನ ಹಕ್ಕನ್ನೇ ವಾಪಸ್ ತೆಗೆದುಕೊಂಡರು. ಆಕಾಶವಾಣಿಯಲ್ಲಿ ಚಿತ್ರಗೀತೆ ಹೆಚ್ಚುಕಡಿಮೆ ಮಾಯವಾಯಿತು.

ಜನ ಸುಮ್ನೆ ಕೂರಲಿಲ್ಲ. ರೇಡಿಯೊದ ಮುಳ್ಳು ತಿರುಗಿಸಿ ಶಾರ್ಟ್‌ವೇವ್‌ನಲ್ಲಿ ಕೊಲಂಬೊ ಹಿಡಿದರು. ಯುದ್ಧದ ಕಾಲದ ಶಕ್ತಿಶಾಲಿ ಟ್ರಾನ್ಸ್‌ಮಿಟರ್ ರೇಡಿಯೊ ಸಿಲೋನ್ ಕೈಯಲ್ಲಿತ್ತು. 1952ರ ಡಿಸೆಂಬರ್‌ನಲ್ಲಿ ಅಲ್ಲಿ ಅಮೀನ್ ಸಯಾನಿ ಅವರ 'ಬಿನಾಕಾ ಗೀತ್‌ಮಾಲಾ' ಶುರುವಾಯಿತು. ಬುಧವಾರ ರಾತ್ರಿ 8 ಗಂಟೆ ಆದರೆ ಬೀದಿ ಬೀದಿಯೇ ಅದಕ್ಕೆ ಕಿವಿಗೊಡುತ್ತಿತ್ತು. ಐದು ವರ್ಷ ತಡೆದು ನೋಡಿದ ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಿತು. ಚಿತ್ರಗೀತೆ ಮರಳಿ ಬಂತು.

ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, "ನೋಡಿ, ಮಂತ್ರಿ ಸೋತರು, ಜನ ಗೆದ್ದರು" ಎನ್ನುತ್ತಾರೆ. ಅದು ಅರ್ಧ ಕತೆ. ಉಳಿದರ್ಧವನ್ನೂ ಹೇಳಬೇಕು.

ಶನಿವಾರ ರಾತ್ರಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ದಕ್ಷಿಣದವರು ಮೊದಲ ಸಲ ಉತ್ತರದ ದೊಡ್ಡ ಗಾಯಕರನ್ನು, ಉತ್ತರದವರು ದಕ್ಷಿಣದ ವಿದ್ವಾಂಸರನ್ನು ತಮ್ಮ ಮನೆಯಲ್ಲೇ ಕೂತು ಪೂರ್ತಿಯಾಗಿ ಕೇಳಿದ್ದು ಅದರಿಂದ. 1954ರಲ್ಲಿ ರೇಡಿಯೊ ಸಂಗೀತ ಸಮ್ಮೇಳನ ಬಂತು. ದೆಹಲಿಯಲ್ಲಿ ವಾದ್ಯವೃಂದ ಹುಟ್ಟಿತು, ಅದಕ್ಕೆ ಸಂಗೀತ ಕೂಡಿಸಿದವರು ಪಂಡಿತ್ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಅಂಥವರು. ಅರಮನೆಗಳು ಖಾಲಿಯಾಗಿ, ರಾಜಾಶ್ರಯ ಹೋಗಿ, ಕಲಾವಿದರು ಮುಂದೇನು ಎಂದು ಕೂತಿದ್ದ ಕಾಲ ಅದು. ಆಗ ಆಕಾಶವಾಣಿ ಅವರಿಗೆ ತಿಂಗಳ ಸಂಬಳ ಕೊಟ್ಟಿತು. ನಿಲಯ ಕಲಾವಿದರು ಎಂಬ ಹುದ್ದೆ ಕೊಟ್ಟಿತು. ವೀಣೆ, ಪಿಟೀಲು, ಮೃದಂಗ, ತಬಲಾ, ಸಾರಂಗಿ, ಕೊಳಲು ಹಿಡಿದು ಎಷ್ಟೋ ಜನ ಹೆಂಡತಿ ಮಕ್ಕಳನ್ನು ಸಾಕಿದರು.

ಕನ್ನಡಕ್ಕೆ ಇನ್ನೊಂದು ಲಾಭವೂ ಆಯಿತು. ಚಿತ್ರಗೀತೆ ಬೇಡ ಅಂದರೆ ಅದರ ಜಾಗಕ್ಕೆ ಬೇರೆ ಏನಾದರೂ ಬೇಕಲ್ಲ. ನಿಲಯಗಳಲ್ಲಿ ಲಘು ಸಂಗೀತ ವಿಭಾಗಗಳು ಬಂದವು. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಅವರ ಕವಿತೆಗೆ ರಾಗ ಹಾಕಿ ಸಣ್ಣ ವಾದ್ಯಮೇಳದ ಜತೆ ಹಾಡುವ ಪದ್ಧತಿಗೆ ರೇಡಿಯೊ ದೊಡ್ಡ ನೆಲೆಯಾಯಿತು. ಇವತ್ತು ನಾವು ಭಾವಗೀತೆ, ಸುಗಮ ಸಂಗೀತ ಎಂದು ಹೆಮ್ಮೆಪಡುವ ಪ್ರಕಾರಕ್ಕೆ ನೀರೆರೆದವರಲ್ಲಿ ಚಿತ್ರಗೀತೆ ಕಂಡರಾಗದ ಈ ಮಂತ್ರಿಯೂ ಒಬ್ಬರು.

ಕೇಸ್ಕರ್ ಕಾಲದ ಆಡಿಷನ್ ಪದ್ಧತಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಕಲಾವಿದೆ ಸ್ಟುಡಿಯೊದಲ್ಲಿ ತಂಬೂರಿ ಹಿಡಿದು ಕೂರುತ್ತಾಳೆ. ಕೇಳುವವರು ಪರದೆಯ ಹಿಂದೆ, ಕಾಣಿಸುವುದಿಲ್ಲ. ಅವರಿಗೂ ಇವಳ ಹೆಸರು ಗೊತ್ತಿಲ್ಲ, ಒಂದು ಸಂಖ್ಯೆ ಮಾತ್ರ. ಸ್ಪೀಕರಿನಿಂದ ದನಿ ಬರುತ್ತದೆ: ಇಂಥ ರಾಗ ಹಾಡಿ. ನಿಮಿಷ ಕಳೆಯುವುದರೊಳಗೆ: ಸಾಕು, ಇನ್ನೊಂದು. ಗುರು ಯಾರು, ಮನೆತನ ಯಾವುದು, ಯಾರ ಶಿಫಾರಸು, ಏನೂ ಇಲ್ಲ, ಕಂಠವೊಂದೇ. ಬಿ, ಬಿ ಹೈ, ಎ, ಎ ಟಾಪ್ ಎಂದು ಶ್ರೇಣಿ. ಇವತ್ತಿಗೂ ಕಚೇರಿಯ ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಕೆಳಗೆ 'ಆಕಾಶವಾಣಿ ಎ ಗ್ರೇಡ್ ಕಲಾವಿದರು' ಎಂದು ಅಚ್ಚಾಗುತ್ತದೆ ಅಲ್ವಾ, ಅದರ ಮೂಲ ಈ ಕೋಣೆ.

ಪರದೆ ನ್ಯಾಯವಾದದ್ದೇ. ಆದರೆ ಅದರ ಹಿಂದೆ ಕೂತ ಪಂಡಿತರಿಗೆ ಶಾಸ್ತ್ರ ಓದಿದವರ ಮೇಲೆ ಒಲವು ಜಾಸ್ತಿ ಇತ್ತು. ರಾಗದ ಲಕ್ಷಣವನ್ನು ಬಾಯಿಪಾಠ ಒಪ್ಪಿಸಲಾರದ, ಆದರೆ ಅದೇ ರಾಗವನ್ನು ಉಸಿರಿನ ಹಾಗೆ ಹಾಡಬಲ್ಲ ಮನೆತನದ ಗಾಯಕರಿಗೆ ಇದು ಅವಮಾನ ಅನಿಸಿತು. ಪ್ರತಿಭಟನೆಗಳೂ ನಡೆದವು. ಮುಸ್ಲಿಂ ಉಸ್ತಾದರ ಕೈಯಲ್ಲಿ ಉತ್ತರದ ಸಂಗೀತ ತನ್ನ ಮೂಲ ಕಳೆದುಕೊಂಡಿತು ಎಂಬ ಧಾಟಿಯ ಮಾತು ಸ್ವತಃ ಮಂತ್ರಿಯದ್ದೇ ಆಗಿತ್ತು. ಉಸ್ತಾದರ ಮನೆತನಗಳೇ ತಲೆಮಾರುಗಟ್ಟಲೆ ಖಯಾಲ್ ಗಾಯನ ಬೆಳೆಸಿ ನಮಗೆ ಕೊಟ್ಟಿರುವಾಗ ಈ ಮಾತು ಇತಿಹಾಸಕ್ಕೂ ನಿಲ್ಲುವುದಿಲ್ಲ, ಕಿವಿಗೂ ನಿಲ್ಲುವುದಿಲ್ಲ.

ಕೇಸ್ಕರ್ ತಪ್ಪಿದ್ದು ಎಲ್ಲಿ ಎಂಬುದಕ್ಕೆ ನನಗೆ ಸಿಗುವ ಒಳ್ಳೆಯ ಉದಾಹರಣೆ ವಿವಿಧ ಭಾರತಿಯ 'ಸಂಗೀತ್ ಸರಿತಾ'. ಹದಿನೈದು ನಿಮಿಷದ ಕಾರ್ಯಕ್ರಮ. ಒಂದು ರಾಗದ ಪರಿಚಯ ಹೇಳಿ, ಅದರ ಸ್ವರ ಕೇಳಿಸಿ, ಆ ರಾಗದಲ್ಲಿರುವ ಒಂದು ಚಿತ್ರಗೀತೆ ಹಾಕಿ, ಆಮೇಲೆ ಶಾಸ್ತ್ರೀಯ ಸಂಗೀತದ ಒಂದು ತುಣುಕು ಕೇಳಿಸುತ್ತಿದ್ದರು. ಯಮನ್ ಅಂದರೇನು, ಭೈರವಿ ಅಂದರೇನು ಎಂದು ಯಾವ ಗುರುವಿನ ಬಳಿಯೂ ಹೋಗದ ಜನ ಕಲಿತದ್ದು ಅಲ್ಲಿ. ಅಡುಗೆಮನೆಯಲ್ಲಿ, ಹೊಲಿಗೆ ಅಂಗಡಿಯಲ್ಲಿ, ಬಸ್ ಡಿಪೊದಲ್ಲಿ ಕಲಿತರು. ಬೇಡವೆಂದು ಹೊರಗೆ ದಬ್ಬಿದ ಚಿತ್ರಗೀತೆಯೇ ಕೈ ಹಿಡಿದು ಜನರನ್ನು ರಾಗದ ಹತ್ತಿರ ಕರೆದುಕೊಂಡು ಬಂತು.

1962ರ ಚುನಾವಣೆಯಲ್ಲಿ ಕೇಸ್ಕರ್ ಸೋತರು. ಆಮೇಲೆ ಬಂದ ಮಂತ್ರಿಗಳಿಗೆ ರೇಡಿಯೊ ಎಂದರೆ ಮುಖ್ಯವಾಗಿ ಸುದ್ದಿ. ಯಾರ ಸುದ್ದಿ ಬರಬೇಕು, ಯಾರದ್ದು ಬರಬಾರದು, ಅಷ್ಟೇ. ತುರ್ತು ಪರಿಸ್ಥಿತಿಯಲ್ಲಿ ಇದು ವಿಪರೀತಕ್ಕೆ ಹೋಯಿತು. ಸರ್ಕಾರಕ್ಕೆ ಸಹಕರಿಸಲಿಲ್ಲವೆಂದು 1976ರ ಮೇನಲ್ಲಿ ಕಿಶೋರ್ ಕುಮಾರ್ ಹಾಡುಗಳನ್ನೇ ಆಕಾಶವಾಣಿಯಿಂದ ತೆಗೆದರು. ಚಿತ್ರಗೀತೆಯನ್ನು ಕಂಡರೆ ಸರ್ಕಾರಕ್ಕೆ ಒಂದು ಭಯವಿತ್ತು, ಏಕೆಂದರೆ ಅದನ್ನು ಕೋಟಿಗಟ್ಟಲೆ ಜನ ಕೇಳುತ್ತಿದ್ದರು. ಬೆಳಗಿನ ನಾಗಸ್ವರ, ರಾತ್ರಿಯ ಕಚೇರಿ ತಮ್ಮ ಪಾಡಿಗೆ ತಾವು ನಡೆದವು. ಯಾರೂ ಮುಟ್ಟಲಿಲ್ಲ, ಯಾರೂ ತಿರುಗಿಯೂ ನೋಡಲಿಲ್ಲ.

ಈ ತಿರುಗಿ ನೋಡದಿರುವಿಕೆಯೇ ಇವತ್ತಿನ ಸಮಸ್ಯೆ.

ಹೊರದೇಶಗಳ ಇತ್ತೀಚಿನ ಮೂರು ಘಟನೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2013ರ ಜೂನ್ 11ರಂದು ಗ್ರೀಸ್ ಸರ್ಕಾರ ಸಾಲದ ಒತ್ತಡದಲ್ಲಿ ತನ್ನ ಸಾರ್ವಜನಿಕ ಪ್ರಸಾರ ಸಂಸ್ಥೆಯನ್ನು ರಾತ್ರೋರಾತ್ರಿ ಮುಚ್ಚಿತು. 2,600ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅದರ ಆರ್ಕೆಸ್ಟ್ರಾ ಮತ್ತು ಗಾಯಕವೃಂದ ಕೆಲವು ದಿನಗಳ ನಂತರ ಕೊನೆಯ ಕಚೇರಿ ಕೊಟ್ಟಿತು. ಹಾಡುತ್ತಾ ಹಾಡುತ್ತಾ ಕಣ್ಣೊರೆಸಿಕೊಳ್ಳುವ ಗಾಯಕಿಯರ ದೃಶ್ಯ ಪ್ರಪಂಚವೆಲ್ಲ ಸುತ್ತಿತು. ಸಂಗೀತ ನಿಲ್ಲಿಸಬೇಕು ಎಂದು ಅಲ್ಲಿನ ಪ್ರಧಾನಿ ಹೇಳಿರಲಿಲ್ಲ. ಖರ್ಚು ಉಳಿಸಬೇಕು ಅಂದಿದ್ದರು.

ಬ್ರಿಟನ್‌ನಲ್ಲಿ 2022ರ ಜನವರಿಯಲ್ಲಿ ಸರ್ಕಾರ ಬಿಬಿಸಿಯ ಲೈಸೆನ್ಸ್ ಶುಲ್ಕವನ್ನು 159 ಪೌಂಡಿಗೆ ಎರಡು ವರ್ಷ ಕಟ್ಟಿಹಾಕಿತು. ಬೆಲೆ ಏರುತ್ತಾ ಹೋಯಿತು, ಆದಾಯ ಏರಲಿಲ್ಲ. 2023ರ ಮಾರ್ಚ್‌ನಲ್ಲಿ ಬಿಬಿಸಿ ಸುಮಾರು ನೂರು ವರ್ಷದ ತನ್ನ ಗಾಯಕವೃಂದವನ್ನು ಮುಚ್ಚುತ್ತೇನೆ, ಇಂಗ್ಲೆಂಡಿನ ಆರ್ಕೆಸ್ಟ್ರಾಗಳಲ್ಲಿ ಶೇ. 20ರಷ್ಟು ಹುದ್ದೆ ತೆಗೆಯುತ್ತೇನೆ ಎಂದಿತು. ಸಂಗೀತಗಾರರೂ ಕೇಳುಗರೂ ಸೇರಿ ಎಬ್ಬಿಸಿದ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ಗಾಯಕವೃಂದದ ತೀರ್ಮಾನ ವಾಪಸ್ಸಾಯಿತು. ಅಮೆರಿಕದಲ್ಲಿ 2025ರ ಜುಲೈನಲ್ಲಿ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಿಂತೆಗೆದುಕೊಂಡಿತು. ಜಗಳ ಇದ್ದದ್ದು ಸುದ್ದಿಯ ಬಗ್ಗೆ, ಸುದ್ದಿ ಒಂದು ಪಕ್ಷದ ಕಡೆ ವಾಲುತ್ತದೆ ಎಂಬ ಆರೋಪದ ಬಗ್ಗೆ. ಆದರೆ ದಿನವಿಡೀ ಬಾಖ್, ಬೀಥೋವನ್ ಹಾಕುವ ಸಣ್ಣ ಊರಿನ ನಿಲಯಕ್ಕೂ ಅದೇ ಹಣ ಹೋಗುತ್ತಿತ್ತು. ಎಲ್ಲ ನಿಲಯಗಳ ಪರವಾಗಿ ಸಂಗೀತದ ಹಕ್ಕುಸ್ವಾಮ್ಯದ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದೂ ಅದೇ ನಿಧಿಯ ಸಂಸ್ಥೆ. ಮೂರೂ ಕಡೆ ಜಗಳದಲ್ಲಿ ಸಂಗೀತದ ಹೆಸರೇ ಇರಲಿಲ್ಲ, ಪೆಟ್ಟು ಮಾತ್ರ ಅದಕ್ಕೂ ಬಿತ್ತು.

ರಾಜಕಾರಣಿಗಳು ಮನಸ್ಸು ಮಾಡಿದರೆ ಎಷ್ಟು ಕಡಿಮೆ ಖರ್ಚಿನಲ್ಲಿ ಎಷ್ಟು ಕೆಲಸ ಮಾಡಬಹುದು ಎಂಬುದಕ್ಕೂ ಬ್ರಿಟನ್ನೇ ಉದಾಹರಣೆ. 1990ರ ಪ್ರಸಾರ ಕಾಯ್ದೆಯಲ್ಲಿ ಅವರು ಒಂದು ಷರತ್ತು ಹಾಕಿದರು: ದೇಶವ್ಯಾಪಿ ಎಫ್‌ಎಂ ಪರವಾನಗಿ ಪಡೆಯುವ ಮೊದಲ ಖಾಸಗಿ ವಾಹಿನಿ ಪಾಪ್ ಸಂಗೀತದ್ದಾಗಿರಬಾರದು. ಪಾಪ್ ಅಂದರೇನು ಎಂದು ಕಾಯ್ದೆಯಲ್ಲೇ ವಿವರಣೆ ಬರೆದರು. ಜಾಸ್ತಿ ಹಣ ಕೂಗಿದ ಕಂಪನಿಗೆ ಬಂಡವಾಳ ಕೂಡಿಸಲಾಗಲಿಲ್ಲ. ಅವಕಾಶ ಕ್ಲಾಸಿಕ್ ಎಫ್‌ಎಂಗೆ ಸಿಕ್ಕಿತು. 1992ರ ಸೆಪ್ಟೆಂಬರ್‌ನಲ್ಲಿ ಶುರುವಾದ ಅದು ಇವತ್ತಿಗೂ ನಡೆಯುತ್ತಿದೆ, ಅದೂ ಜಾಹೀರಾತಿನ ಹಣದಲ್ಲಿ. ಸರ್ಕಾರದ ಖಜಾನೆಯಿಂದ ಏನೂ ಹೋಗಲಿಲ್ಲ.

ನಾವು ಖಾಸಗಿ ಎಫ್‌ಎಂ ತೆರೆದಾಗ ಏನು ಷರತ್ತು ಹಾಕಿದೆವು? ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ 2001ರ ಜುಲೈ 3ರಂದು ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಆಮೇಲೆ ಹರಾಜಿನ ಮೇಲೆ ಹರಾಜು. ಪರವಾನಗಿಯಲ್ಲಿ ಸರ್ಕಾರ ಎಚ್ಚರದಿಂದ ಬರೆದ ಮಾತು ಒಂದು: ಸ್ವಂತ ಸುದ್ದಿ ಓದಬಾರದು. ದಿನಕ್ಕೆ ಒಂದು ಗಂಟೆ ಆಯಾ ಪ್ರದೇಶದ ಶಾಸ್ತ್ರೀಯ ಸಂಗೀತವೋ ಜಾನಪದವೋ ಹಾಕಬೇಕು ಎಂದು ಬರೆಯುವುದು ಯಾರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಐದರಿಂದ ಆರು ಗಂಟೆಯಾದರೂ ಸಾಕಿತ್ತು. ಮಂತ್ರಿಗಳು ರೇಡಿಯೊದಲ್ಲಿ ಯಾವುದಕ್ಕೆ ಅಂಜುತ್ತಾರೆ, ಯಾವುದನ್ನು ಮರೆಯುತ್ತಾರೆ ಎಂಬುದು ಆ ಪರವಾನಗಿಯ ಪುಟಗಳಲ್ಲಿ ಕಣ್ಣಿಗೆ ಕಾಣುತ್ತದೆ. ಚಂದಾ ಕಟ್ಟಿ ಕೇಳುವ ಉಪಗ್ರಹ ರೇಡಿಯೊ ವರ್ಲ್ಡ್‌ಸ್ಪೇಸ್ ಕರ್ನಾಟಕ ಸಂಗೀತಕ್ಕೆ ಒಂದು, ಹಿಂದುಸ್ತಾನಿಗೆ ಒಂದು ವಾಹಿನಿ ಇಟ್ಟಿತ್ತು. 2009ರ ಕೊನೆಗೆ ಅದೂ ಮುಚ್ಚಿತು. ಆ ಪುಟ್ಟ ಡಿಶ್ಶನ್ನು ಕಿಟಕಿಗೆ ಕಟ್ಟಿಕೊಂಡಿದ್ದ ಎಷ್ಟೋ ಮನೆಗಳು ಅವತ್ತು ಮಂಕಾದವು.

ಹಾಗಾಗಿ ಉಳಿದದ್ದು ಆಕಾಶವಾಣಿಯೇ. 1990ರ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಯಾಗಿ ಅದು ಕಾಗದದ ಮೇಲೆ ಸ್ವಾಯತ್ತ ಸಂಸ್ಥೆಯಾಯಿತು. ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ತಕ್ಕ ಜಾಗ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಬೆಂಗಳೂರಿನಲ್ಲಿ ಅಮೃತವರ್ಷಿಣಿ ಎಂಬ ಶಾಸ್ತ್ರೀಯ ಸಂಗೀತದ ಎಫ್‌ಎಂ ವಾಹಿನಿ ಬಂತು. 2016ರ ಜನವರಿ 26ರಂದು ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ ಕೊಡುವ 'ರಾಗಂ' ಬೆಂಗಳೂರಿನಿಂದಲೇ ಶುರುವಾಯಿತು. ಇದು ನಿಜಕ್ಕೂ ಸಂತೋಷದ ವಿಷಯ. ನಾನು ದಿನಾ ಕೇಳುತ್ತೇನೆ. ಹಳೆಯ ಧ್ವನಿಮುದ್ರಣ ಬಂದಾಗ ಕೆಲಸ ನಿಲ್ಲಿಸಿ ಕೂರುತ್ತೇನೆ.

ಆದರೆ ಹಳೆಯದನ್ನು ಹಾಕುವುದು ಒಂದು, ಹೊಸದನ್ನು ಹಾಡಿಸುವುದು ಇನ್ನೊಂದು. ಇಲ್ಲಿ ಹಣ ಎಲ್ಲಿಗೆ ಹೋಗುತ್ತದೆ ನೋಡಿ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ, ದೂರದರ್ಶನಗಳ ಮೂಲಸೌಕರ್ಯಕ್ಕೆ 2,539.61 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಎಫ್‌ಎಂ ತಲುಪುವ ಜನಸಂಖ್ಯೆಯನ್ನು ಶೇ. 68ರಿಂದ ಶೇ. 80ಕ್ಕೆ ಏರಿಸುವುದು ಒಂದು ಗುರಿ. ಅದೇ ಏಪ್ರಿಲ್ 28ರಂದು 100 ವ್ಯಾಟ್‌ನ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳನ್ನು ಪ್ರಧಾನಿ ಒಂದೇ ಸಲಕ್ಕೆ ಉದ್ಘಾಟಿಸಿದರು. ರೇಡಿಯೊ ಸಿಗದ ಊರಿಗೆ ರೇಡಿಯೊ ಸಿಗುವುದು ಒಳ್ಳೆಯದೇ. ಸಂಸದರು ತಮ್ಮ ಕ್ಷೇತ್ರಕ್ಕೆ ಟವರ್ ಬೇಕು ಎಂದು ಕೇಳುವುದೂ ಸರಿಯೇ. ಟವರ್ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಟೇಪು ಕತ್ತರಿಸಬಹುದು, ಹೆಸರಿನ ಕಲ್ಲು ನೆಡಬಹುದು. ನಿವೃತ್ತರಾದ ಮೃದಂಗ ವಿದ್ವಾಂಸರ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡರೆ ಯಾವ ಕಲ್ಲು ನೆಡುತ್ತಾರೆ? ನಿಲಯ ಕಲಾವಿದರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ, ಆ ಕುರ್ಚಿಗಳು ಹಾಗೇ ಖಾಲಿ ಉಳಿಯುತ್ತಿವೆ. ಪಕ್ಕವಾದ್ಯಕ್ಕೆ ದಿನದ ಲೆಕ್ಕದಲ್ಲಿ ಹೊರಗಿನವರನ್ನು ಕರೆಯಬೇಕು, ಕರೆಯಲು ಬಜೆಟ್ ಬೇಕು, ಬಜೆಟ್ ಇಲ್ಲದಿದ್ದರೆ ಹಳೆಯ ಟೇಪು.

"ಈಗ ಯೂಟ್ಯೂಬ್‌ನಲ್ಲಿ ಎಲ್ಲ ಸಿಗುತ್ತದಲ್ಲ, ರೇಡಿಯೊ ಯಾಕೆ?" ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಹುಡುಕುವವರಿಗೆ. ತೋಡಿ ರಾಗದ ಹೆಸರು ಗೊತ್ತಿಲ್ಲದ ಹುಡುಗ ತೋಡಿಯನ್ನು ಹುಡುಕುವುದು ಹೇಗೆ? ರೇಡಿಯೊದಲ್ಲಿ ಅದು ತಾನಾಗಿ ಕಿವಿಗೆ ಬೀಳುತ್ತದೆ. ಮತ್ತೊಂದು ವಿಷಯ, ಯೂಟ್ಯೂಬ್ ಯಾರಿಗೂ ಆಡಿಷನ್ ಮಾಡುವುದಿಲ್ಲ, ಸಣ್ಣ ಊರಿನ ವಿದ್ವಾಂಸರಿಗೆ ಮೂರು ತಿಂಗಳಿಗೊಮ್ಮೆ ಕರೆದು ಸಂಭಾವನೆ ಕೊಡುವುದಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆ ಇದೆ. ಕೆಲವೇ ಜಾತಿಯವರು, ಕೆಲವೇ ಊರಿನವರು ಕೇಳುವ ಸಂಗೀತಕ್ಕೆ ಎಲ್ಲರ ತೆರಿಗೆ ಹಣ ಯಾಕೆ? ಇದನ್ನು ತಳ್ಳಿಹಾಕುವಂತಿಲ್ಲ. ವೋಟಿನ ಲೆಕ್ಕ ಹಾಕುವ ರಾಜಕಾರಣಿ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಇದನ್ನೇ. ನನಗೆ ತೋಚುವ ಉತ್ತರ ಇದು: ಈ ಸಂಗೀತದ ಸುತ್ತ ಗೋಡೆ ಇದ್ದದ್ದು ನಿಜ. ಆ ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆದದ್ದು ರೇಡಿಯೊ. ಸಭೆಯ ಒಳಗೆ ಹೋಗಲು ಬಟ್ಟೆ ಬೇಕಿತ್ತು, ಟಿಕೆಟ್ ಬೇಕಿತ್ತು, ಅಲ್ಲಿ ಕೂರಲು ಒಂದು ಧೈರ್ಯವೂ ಬೇಕಿತ್ತು. ಪಂಚಾಯಿತಿ ಕಟ್ಟೆಯ ರೇಡಿಯೊ ಮುಂದೆ ಕೂರಲು ಏನೂ ಬೇಕಿರಲಿಲ್ಲ. ಸಭೆಗಳಲ್ಲಿ ಹಿಂದಕ್ಕೆ ಸರಿದ ನಾಗಸ್ವರಕ್ಕೆ ರೇಡಿಯೊ ಬೆಳಗಿನ ಮೊದಲ ಜಾಗ ಕೊಟ್ಟಿತ್ತು. ಸಾರ್ವಜನಿಕ ರೇಡಿಯೊದಿಂದ ಈ ಸಂಗೀತವನ್ನು ತೆಗೆದರೆ ಅದೇನೂ ಸಾಯುವುದಿಲ್ಲ. ದುಡ್ಡಿದ್ದವರ ಹಾಲ್‌ಗೆ ವಾಪಸ್ ಹೋಗುತ್ತದೆ, ಕಿಂಡಿ ಮುಚ್ಚುತ್ತದೆ. ಸಮಾನತೆ ಬಯಸುವ ರಾಜಕಾರಣಿ ಬಜೆಟ್ ಜಾಸ್ತಿ ಕೇಳಬೇಕಾದದ್ದು ಈ ಕಾರಣಕ್ಕೇ. ಜತೆಗೆ ಮೈಕಿನ ಮುಂದೆ ಯಾರನ್ನು ಕೂರಿಸುತ್ತೀರಿ ಎಂದೂ ಕೇಳಬೇಕು.

ಸಂಸತ್ತಿನಲ್ಲಿ ಆಕಾಶವಾಣಿ ಬಗ್ಗೆ ಪ್ರಶ್ನೆ ಬಂದರೆ ಸಾಮಾನ್ಯವಾಗಿ ಎಷ್ಟು ಊರಿಗೆ ತಲುಪುತ್ತದೆ, ಎಷ್ಟು ಆದಾಯ ಬಂತು, ಯಾವ ಟ್ರಾನ್ಸ್‌ಮಿಟರ್ ಕೆಟ್ಟಿದೆ ಎಂಬುದೇ ವಿಷಯ. ಕಳೆದ ವರ್ಷ ನಮ್ಮ ರಾಜ್ಯದ ನಿಲಯಗಳಲ್ಲಿ ಎಷ್ಟು ಹೊಸ ಕಚೇರಿ ಧ್ವನಿಮುದ್ರಣವಾಯಿತು, ಎಷ್ಟು ಜನ ಆಡಿಷನ್‌ನಲ್ಲಿ ಪಾಸಾದರು, ಪಾಸಾದವರಲ್ಲಿ ಎಷ್ಟು ಜನರನ್ನು ಕರೆದರು, ಹಳೆಯ ಸ್ಪೂಲ್ ಟೇಪುಗಳಲ್ಲಿ ಎಷ್ಟು ಡಿಜಿಟಲ್ ಆದವು, ಎಷ್ಟು ಬೂಷ್ಟು ಹಿಡಿದವು? ಇವನ್ನು ಕೇಳಲು ಸಂಗೀತ ಗೊತ್ತಿರಬೇಕಾಗಿಲ್ಲ. ಧ್ರುಪದ್ ಕಲಿತಿರಬೇಕಾಗಿಲ್ಲ. ಯಾವ ರಾಗ ಹಾಡಬೇಕು, ಯಾವ ವಾದ್ಯ ಬೇಡ, ಯಾರ ನಡತೆ ಹೇಗಿದೆ ಎಂಬ ಗೊಡವೆಯೂ ಬೇಡ. ಲೆಕ್ಕ ಕೇಳಿದರೆ ಸಾಕು.

ನಮಗೆ ಪರಿಚಯದ ಒಬ್ಬ ಹುಡುಗಿ ಇದ್ದಾಳೆ. ಹತ್ತು ವರ್ಷ ಪಾಠ ಆಗಿದೆ, ಆಡಿಷನ್‌ನಲ್ಲಿ ಬಿ ಗ್ರೇಡ್ ಬಂದಿದೆ. ಬಂದು ಎರಡು ವರ್ಷವಾಯಿತು, ಹಾಡಲು ಕರೆ ಬಂದದ್ದು ಎರಡು ಸಲ. ರೇಡಿಯೊ ಕಚೇರಿ ನಿಮಿಷಕ್ಕೆ ಸರಿಯಾಗಿ ಮುಗಿಯಬೇಕಲ್ಲ, ಅದಕ್ಕೆ ಅವಳು ತಂಬೂರಿಯ ಪಕ್ಕದಲ್ಲಿ ಒಂದು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡುತ್ತಾಳೆ. ಕಲ್ಯಾಣಿ ಆಲಾಪನೆಗೆ ಏಳು ನಿಮಿಷ, ಕೃತಿ, ನೆರವಲ್, ಸ್ವರ, ಮೃದಂಗದ ತನಿ ಆವರ್ತನಕ್ಕೆ ಐದು. ಮೇಲಿನ ಷಡ್ಜದಲ್ಲಿ ನಿಂತು ಇನ್ನೂ ಸ್ವಲ್ಪ ಇರೋಣ ಅನಿಸಿದರೂ ಮುಳ್ಳು ನೋಡಿ ಇಳಿಯುತ್ತಾಳೆ. ಕಳೆದ ವಾರ ಮತ್ತೆ ಫೋನ್ ಮಾಡಿ ಕೇಳಿದಳಂತೆ. ಬಜೆಟ್ ಬರಲಿ, ಹೇಳ್ತೀವಿ ಅಂದರಂತೆ. ಅವತ್ತು ಸಂಜೆಯೂ ಗಡಿಯಾರ ಇಟ್ಟುಕೊಂಡೇ ಕೂತಿದ್ದಳು.